ನನ್ನ ಟೇಬಲ್ಲಿನ ರೋಮನ್ ಸೈನ್ಯ, ನಮ್ಮೂರ ವೀರಗಲ್ಲು

ನನ್ನ ಟೇಬಲ್ ಮೇಲೆ 96 ಜನ ರೋಮನ್ ಸೈನಿಕರಿದ್ದಾರೆ. ಒಬ್ಬೊಬ್ಬ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಎತ್ತರ. ಎಲ್ಲರ ಕೈಯಲ್ಲೂ ಬಾಗಿದ ಗುರಾಣಿ, ಸೊಂಟದಲ್ಲಿ ಗಿಡ್ಡ ಕತ್ತಿ. ನಾಲ್ಕು ಗುಂಪಾಗಿ ನಿಂತಿದ್ದಾರೆ. ಇದನ್ನು ನೋಡಿದವರು ಮೊದಲು ಕೇಳೋದು "ಮಕ್ಕಳಿಗಾ?" ಅಂತ. ಅಲ್ಲ ಸ್ವಾಮಿ, ನನಗೇ!

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಇದು ವಾರ್‌ಗೇಮಿಂಗ್ ಅನ್ನೋ ಹವ್ಯಾಸ. ಹಳೇ ಕಾಲದ ಒಂದು ಸೈನ್ಯವನ್ನು ಆರಿಸಿಕೊಳ್ಳಬೇಕು, ಅದರ ಪುಟ್ಟ ಗೊಂಬೆಗಳನ್ನು ಕೂಡಿಸಬೇಕು, ಒಂದೊಂದಕ್ಕೂ ಬಣ್ಣ ಹಚ್ಚಬೇಕು, ಆಮೇಲೆ ಟೇಬಲ್ ಮೇಲೆ ಗುಡ್ಡ, ಹಳ್ಳ, ಕಾಡು ಮಾಡಿ, ಅಳತೆಪಟ್ಟಿ ಮತ್ತು ದಾಳ ಇಟ್ಟುಕೊಂಡು ಇನ್ನೊಬ್ಬನ ಸೈನ್ಯದ ಜೊತೆ ಯುದ್ಧ ಆಡಬೇಕು. ಆಡೋದು ಮೂರು ಗಂಟೆ, ಅದಕ್ಕೆ ತಯಾರಿ ಮೂರು ವರ್ಷ :)

ವನಗೂರಿನಲ್ಲಿ ಕೂತು ಇದನ್ನು ಮಾಡೋದರಲ್ಲಿ ಒಂದು ತಾಪತ್ರಯ ಇದೆ. ನಮ್ಮ ಸಕಲೇಶಪುರದ ಕಡೆ ಮಳೆ ಗೊತ್ತಲ್ಲ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಗಾಳಿಯೇ ಒದ್ದೆ. ಬಣ್ಣ ಹಿಡಿಯಲಿ ಅಂತ ಗೊಂಬೆಗೆ ಮೊದಲು ಪ್ರೈಮರ್ ಹೊಡೀಬೇಕು. ಆ ತೇವದಲ್ಲಿ ಸ್ಪ್ರೇ ಹೊಡೆದರೆ ಮೇಲೆಲ್ಲ ಮಂಜು ಹಿಡಿದ ಹಾಗೆ ಬೆಳ್ಳಗೆ ಪುಡಿಪುಡಿ ಆಗುತ್ತೆ. ಹಾಗಾಗಿ ಮಳೆಗಾಲದಲ್ಲಿ ಪ್ರೈಮರ್ ಕೂಡ ಬ್ರಷ್ಷಿನಲ್ಲೇ. ಗೊಂಬೆಗಳನ್ನು ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಹಳೇ ಮದುವೆ ಕಾರ್ಡಿನ ದಪ್ಪ ರಟ್ಟಿಗೆ ಅಂಟಿಸ್ತೀನಿ. ಮೊದಲು ಮೈಬಣ್ಣ, ಆಮೇಲೆ ಅಂಗಿ, ಆಮೇಲೆ ಲೋಹ. ಕೊನೆಗೆ ನೀರಾಗಿ ಕಲಸಿದ ಕಂದುಬಣ್ಣವನ್ನು ಮೇಲಿಂದ ಹರಿಸಿದರೆ ಅದು ಸಂದಿಗಳಲ್ಲಿ ಇಳಿದು ನೆರಳು ಮೂಡುತ್ತೆ. ಉಬ್ಬಿದ ಜಾಗಕ್ಕೆ ಸೊನ್ನೆ ನಂಬರ್ ಬ್ರಷ್ಷಲ್ಲಿ ತಿಳಿ ಬಣ್ಣ ಸವರಿದರೆ ಆಯ್ತು. ಒಬ್ಬನಿಗೆ ಸುಮಾರು ಮುಕ್ಕಾಲು ಗಂಟೆ. ತೋಟದ ಕೆಲಸ ಮುಗಿದು, ಕರೆಂಟು ಇದ್ದ ರಾತ್ರಿಗಳಲ್ಲಿ ಮಾತ್ರ.

ಇರಲಿ. ನಾನು ಹೇಳಹೊರಟಿದ್ದು ಬಣ್ಣದ ಬಗ್ಗೆ ಅಲ್ಲ, ಈ ಆಟ ಬಂದ ದಾರಿಯ ಬಗ್ಗೆ, ಮತ್ತು ಅದು ನನ್ನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ ಜಾಗದ ಬಗ್ಗೆ.

ಇದು ಪೂರ್ತಿ ಬಿಳಿಯರ ಆಟ ಅಂತ ಅಂದುಕೊಂಡರೆ ಅರ್ಧ ಮಾತ್ರ ಸರಿ. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಹೆಲ್ವಿಗ್ ಅನ್ನೋ ಮೇಷ್ಟ್ರು ಯುದ್ಧ ಕಲಿಸೋಕೆ ಒಂದು ಆಟ ಕಟ್ಟಿದ. ಅವನು ಶುರು ಮಾಡಿದ್ದು ಚೆಸ್‌ನಿಂದ. ಚೆಸ್ಸಿನ 64 ಮನೆಯನ್ನು ಹಿಗ್ಗಿಸಿ 1,617 ಮನೆ ಮಾಡಿದ, ಮನೆಗಳಿಗೆ ಬೆಟ್ಟ, ನದಿ, ಊರಿನ ಬಣ್ಣ ಕೊಟ್ಟ. ಮುಂದೆ ಪ್ರಷ್ಯಾದಲ್ಲಿ ರೈಸ್‌ವಿಟ್ಸ್ ಅನ್ನೋ ಅಪ್ಪ ಮಗ ಇದನ್ನು ಬೆಳೆಸಿದರು. ಅಪ್ಪ 1812ರಲ್ಲಿ ರಾಜನಿಗೇ ಆಟದ ಟೇಬಲ್ ಮಾಡಿಕೊಟ್ಟ. ಮಗ 1824ರಲ್ಲಿ ಚೌಕ ಮನೆಗಳನ್ನು ಬಿಟ್ಟು ನಿಜವಾದ ನಕ್ಷೆಯ ಮೇಲೆ ಆಡುವ ನಿಯಮ ಬರೆದ. ಪ್ರಷ್ಯದ ಸೇನೆ ಅದನ್ನು ಅಧಿಕಾರಿಗಳ ತರಬೇತಿಗೆ ತೆಗೆದುಕೊಂಡಿತು. 1913ರಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ ಮನೆಯ ನೆಲದ ಮೇಲೆ ತವರದ ಸಿಪಾಯಿಗಳನ್ನಿಟ್ಟು ಆಡುವ ಆಟದ ಪುಸ್ತಕ ಬರೆದ. ದೊಡ್ಡ ಯುದ್ಧಕ್ಕಿಂತ ಈ ಸಣ್ಣ ಯುದ್ಧವೇ ವಾಸಿ ಅನ್ನೋದು ಅವನ ವಾದ. ಮರುವರ್ಷವೇ ಮೊದಲ ಮಹಾಯುದ್ಧ! 1960ರ ದಶಕದಲ್ಲಿ ಏರ್‌ಫಿಕ್ಸ್ ಕಂಪನಿಯ ಅಗ್ಗದ ಪ್ಲಾಸ್ಟಿಕ್ ಪೆಟ್ಟಿಗೆಗಳು ಬಂದವು, 1965ರಲ್ಲಿ ಇಂಗ್ಲೆಂಡಿನಲ್ಲಿ ಪ್ರಾಚೀನ ಯುದ್ಧಗಳ ಆಟಗಾರರದ್ದೇ ಒಂದು ಸಂಘ ಹುಟ್ಟಿತು. ರೋಮನ್ನರು ಟೇಬಲ್ ಹತ್ತಿದ್ದು ಹೀಗೆ.

ಈಗ ಈ ಬೇರನ್ನು ಇನ್ನೊಂದು ಕಡೆಯಿಂದ ಎಳೆದು ನೋಡಿ. ಹೆಲ್ವಿಗ್ ಚೆಸ್‌ನಿಂದ ಶುರು ಮಾಡಿದ. ಚೆಸ್ ಬಂದಿದ್ದು ಅರಬರ ಶತ್ರಂಜ್‌ನಿಂದ, ಅದು ಪರ್ಷಿಯಾದಿಂದ, ಪರ್ಷಿಯಾಕ್ಕೆ ಹೋಗಿದ್ದು ನಮ್ಮ ಚತುರಂಗ. ಹೆಸರೇ ಹೇಳುತ್ತಲ್ಲ, ಆನೆ, ಕುದುರೆ, ರಥ, ಕಾಲಾಳು, ನಾಲ್ಕು ಅಂಗದ ಸೈನ್ಯ. ಅಂದರೆ ಟೇಬಲ್ ಮೇಲೆ ಪುಟ್ಟ ಸೈನ್ಯ ನಿಲ್ಲಿಸೋ ಯೋಚನೆ ಇಲ್ಲಿಂದ ಹೊರಟು, ಸಾವಿರ ವರ್ಷಕ್ಕೂ ಹೆಚ್ಚು ಸುತ್ತಾಡಿ, ಪ್ರಷ್ಯದ ಜನರಲ್‌ಗಳ ಕೋಣೆ ಸೇರಿತು. ಅದೇ ಕಾಲಕ್ಕೆ ಮೈಸೂರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಚದುರಂಗದ ಕುದುರೆ ನಡೆಯ ಸಮಸ್ಯೆಗಳನ್ನು ಬಿಡಿಸುತ್ತಾ, ಗಂಜೀಫಾ ಎಲೆಗಳ ಹೊಸ ಹೊಸ ಆಟ ಕಟ್ಟುತ್ತಾ ಕೂತಿದ್ದರು. ಅವರ ಶ್ರೀತತ್ತ್ವನಿಧಿಯಲ್ಲಿ ಆಟಗಳಿಗೇ ಮೀಸಲಾದ ಕೌತುಕನಿಧಿ ಅನ್ನೋ ಭಾಗ ಇದೆ. ಒಂದೇ ಮರದ ಎರಡು ಕೊಂಬೆ. ಒಂದು ಕೊಂಬೆ ಯುದ್ಧ ಕಲಿಯೋ ಸಾಧನ ಆಯ್ತು. ಇನ್ನೊಂದು, ರಾಜ್ಯವನ್ನು 1831ರಲ್ಲಿ ಇಂಗ್ಲಿಷರ ಕೈಗೆ ಒಪ್ಪಿಸಬೇಕಾಗಿ ಬಂದ ಅರಸರ ಅರಮನೆಯಲ್ಲಿ ಗಣಿತ, ದೇವರು, ಚಿತ್ರಕಲೆ ಎಲ್ಲ ಸೇರಿ ಅರಳಿತು. ಇದನ್ನು ಯೋಚಿಸಿದಾಗೆಲ್ಲ ಒಂಥರಾ ಅನ್ನಿಸುತ್ತೆ.

ಲೆಕ್ಕದಲ್ಲೂ ಹೀಗೇ ಹೋಲಿಕೆ ಸಿಗುತ್ತೆ. ರೋಮನ್ ಸೈನ್ಯದ ಅತಿ ಚಿಕ್ಕ ಘಟಕ ಒಂದೇ ಡೇರೆಯಲ್ಲಿ ಮಲಗುವ 8 ಜನ. ಹತ್ತು ಡೇರೆ ಸೇರಿದರೆ 80 ಜನರ ಸೆಂಚುರಿ (ಹೆಸರಿಗೆ ನೂರು, ತಲೆ ಎಣಿಸಿದರೆ ಎಂಬತ್ತು, ಸರ್ಕಾರಿ ಲೆಕ್ಕ!). ಆರು ಸೆಂಚುರಿಗೆ 480 ಜನರ ಒಂದು ಕೊಹೋರ್ಟ್. ಹತ್ತು ಕೊಹೋರ್ಟ್ ಸೇರಿದರೆ ಲೀಜನ್, ಸುಮಾರು ಐದು ಸಾವಿರ. ಆಟದಲ್ಲಿ ಒಂದು ಗೊಂಬೆ 20 ಜನಕ್ಕೆ ಸಮ ಅಂತ ಹಿಡಿಯೋ ಹಳೇ ಪದ್ಧತಿ ಇದೆ. ಅದರ ಪ್ರಕಾರ ಒಂದು ಕೊಹೋರ್ಟಿಗೆ 24 ಗೊಂಬೆ. ನನ್ನ ಹತ್ತಿರ ನಾಲ್ಕು ಕೊಹೋರ್ಟ್ ಇದೆ. ಇನ್ನೂ ಆರು ಬಾಕಿ.

ನಮ್ಮ ಮಹಾಭಾರತದ ಲೆಕ್ಕ ನೋಡಿ. ಒಂದು ಪತ್ತಿ ಅಂದರೆ 1 ರಥ, 1 ಆನೆ, 3 ಕುದುರೆ, 5 ಕಾಲಾಳು. ಅದನ್ನು ಮೂರು ಮೂರರಂತೆ ಗುಣಿಸ್ತಾ ಹೋಗಬೇಕು. ಸೇನಾಮುಖ, ಗುಲ್ಮ, ಗಣ, ವಾಹಿನಿ, ಪೃತನಾ, ಚಮೂ, ಅನೀಕಿನಿ. ಹತ್ತು ಅನೀಕಿನಿಗೆ ಒಂದು ಅಕ್ಷೌಹಿಣಿ. ಅದರಲ್ಲಿ ಕಾಲಾಳುಗಳೇ 1,09,350. ಕುರುಕ್ಷೇತ್ರಕ್ಕೆ ಬಂದಿದ್ದು 18 ಅಕ್ಷೌಹಿಣಿ. ನನ್ನ 20ಕ್ಕೆ ಒಂದರ ಲೆಕ್ಕದಲ್ಲಿ ಕಾಲಾಳು ಮಾತ್ರ ಮಾಡಿದರೂ 98,415 ಗೊಂಬೆ ಬೇಕು. ಒಬ್ಬನಿಗೆ ಮುಕ್ಕಾಲು ಗಂಟೆ.. ಏಳು ಜನ್ಮ ಸಾಲಲ್ಲ ಬಿಡಿ.

ಸರಿ, ಎರಡು ಸಾವಿರ ವರ್ಷದ ಹಿಂದಿನ ಸೈನಿಕ ಹೇಗಿದ್ದ ಅಂತ ಬಣ್ಣ ಹಚ್ಚೋನಿಗೆ ಹೇಗೆ ಗೊತ್ತಾಗುತ್ತೆ? ಈ ಹವ್ಯಾಸದ ನಿಜವಾದ ರುಚಿ ಇರೋದು ಇಲ್ಲೇ. ರೋಮ್‌ನಲ್ಲಿ ಕ್ರಿ.ಶ. 113ರ ಟ್ರಾಜನ್ ಸ್ತಂಭ ಇದೆ, ಅದರ ಮೇಲೆ ಸುತ್ತಿಕೊಂಡು ಹತ್ತುವ ಪಟ್ಟಿಯಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಆಕೃತಿಗಳು. ಲೋಹದ ಪಟ್ಟಿಗಳ ಕವಚ ತೊಟ್ಟ ಸೈನಿಕನ ಚಿತ್ರ ನಮ್ಮ ತಲೆಯಲ್ಲಿ ಕೂತಿರೋದು ಮುಖ್ಯವಾಗಿ ಅಲ್ಲಿಂದ. ಆದರೆ ಆ ಕವಚ ಹೇಗೆ ಕೂಡಿಕೊಳ್ಳುತ್ತೆ ಅನ್ನೋದು ಸರಿಯಾಗಿ ತಿಳಿದಿದ್ದು 1964ರಲ್ಲಿ ಇಂಗ್ಲೆಂಡಿನ ಕಾರ್‌ಬ್ರಿಜ್‌ನಲ್ಲಿ ನೆಲದಡಿ ಒಂದು ಪೆಟ್ಟಿಗೆಯಲ್ಲಿ ಕವಚದ ತುಂಡುಗಳು ಸಿಕ್ಕಮೇಲೆ. ಗುರಾಣಿಯ ಬಣ್ಣಕ್ಕೆ ಸಾಕ್ಷಿ ಸಿರಿಯಾದ ದುರಾ ಯುರೋಪಸ್. ಅಲ್ಲಿ 1930ರ ದಶಕದ ಉತ್ಖನನದಲ್ಲಿ ಸಿಕ್ಕ ಮರದ ಗುರಾಣಿಯ ಮೇಲೆ ಕೆಂಪು ನೆಲ, ಹದ್ದು, ಸಿಂಹದ ಚಿತ್ರ ಇನ್ನೂ ಇದೆ. ಅಂಗಿಯ ಬಣ್ಣದ ಬಗ್ಗೆ ಮಾತ್ರ ಪಂಡಿತರಲ್ಲಿ ಜಗಳ ಮುಗಿದಿಲ್ಲ. ಕೆಂಪು ಅನ್ನೋರು ಕೆಲವರು, ಬಣ್ಣ ಹಾಕದ ಉಣ್ಣೆಯ ಮಾಸಲು ಬಿಳಿ ಅನ್ನೋರು ಕೆಲವರು. ನಾನು ಎರಡು ಕೊಹೋರ್ಟಿಗೆ ಅದು, ಎರಡಕ್ಕೆ ಇದು ಹಚ್ಚಿ ಇಬ್ಬರನ್ನೂ ಸಮಾಧಾನ ಮಾಡಿದ್ದೀನಿ.

ಅಂದ ಹಾಗೆ, ಕರ್ನಾಟಕಕ್ಕೆ ರೋಮನ್ ಆಕೃತಿಗಳು ಬಂದಿದ್ದು ನನ್ನ ಕೊರಿಯರ್ ಪಾರ್ಸೆಲ್‌ನಲ್ಲಿ ಮೊದಲಲ್ಲ. 1891ರಲ್ಲಿ ಯಶವಂತಪುರದ ಹತ್ತಿರ ನೆಲ ಅಗೆದಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದ್ದವು. 1965ರಲ್ಲಿ ಬೆಂಗಳೂರಿನ ಎಚ್ಎಎಲ್ ವಿಮಾನ ನಿಲ್ದಾಣದ ಕಡೆ 256. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಭಾರತದಲ್ಲಿ ಹೆಚ್ಚಾಗಿ ಸಿಗೋ ಆಗಸ್ಟಸ್ ಚಕ್ರವರ್ತಿಯ ನಾಣ್ಯದ ಹಿಂಬದಿಯಲ್ಲಿ ಅವನ ಇಬ್ಬರು ಮೊಮ್ಮಕ್ಕಳು ನಿಂತಿದ್ದಾರೆ, ಅವರ ಪಕ್ಕದಲ್ಲಿ ಗುರಾಣಿ ಮತ್ತು ಭರ್ಜಿ. ಆ ಕಾಲದಲ್ಲಿ ಒಬ್ಬ ರೋಮನ್ ಸೈನಿಕನ ವರ್ಷದ ಸಂಬಳ ಇಂಥ 225 ದಿನಾರಿಯಸ್. ಅಂದರೆ ಯಶವಂತಪುರದ ಮಡಿಲಲ್ಲಿ ಇದ್ದದ್ದು ಒಬ್ಬ ಸೈನಿಕನ ಸುಮಾರು ಎಂಟೂವರೆ ತಿಂಗಳ ಸಂಬಳದಷ್ಟು ದುಡ್ಡು. ಸೈನಿಕರೇನು ಇಲ್ಲಿಗೆ ಬಂದಿರಲಿಲ್ಲ, ವ್ಯಾಪಾರದಲ್ಲಿ ಬಂದ ದುಡ್ಡದು. ಭಾರತದ ಸರಕಿಗೆ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹರಿದು ಹೋಗ್ತಿದೆ ಅಂತ ಪ್ಲಿನಿ ಗೊಣಗಿದ್ದು ಇದನ್ನೇ.

ಇಷ್ಟೆಲ್ಲ ಓದಿಕೊಂಡು, ತಿಳಿದುಕೊಂಡು ಬಣ್ಣ ಹಚ್ಚುತ್ತಾ ಇದ್ದಾಗ ಒಂದು ದಿನ ದೊಡ್ಡಪ್ಪ ಬಂದರು. ಕಾಫಿ ಲೋಟ ಹಿಡಕೊಂಡೇ ಬಗ್ಗಿ ಎಲ್ಲರನ್ನೂ ನೋಡಿದರು. ಆಮೇಲೆ ಕೇಳಿದರು, "ಅಲ್ಲ ಕಣೋ, ಇಷ್ಟೊಂದ್ ಜನ ಅವ್ರೆ, ಇವ್ರಿಗೆ ಹೆಸ್ರು ಗಿಸ್ರು ಏನಾದ್ರೂ ಐತಾ?"

ನಾನು ಲೀಜನ್ ನಂಬರ್ ಹೇಳೋಕೆ ಹೋದೆ. "ನಂಬರ್ ಅಲ್ಲ ಕಣೋ, ಹೆಸ್ರು" ಅಂದರು.

ಇತಿಹಾಸದ ಪುಸ್ತಕದಲ್ಲಿ ಸೀಸರ್ ಇದ್ದಾನೆ, ಟ್ರಾಜನ್ ಇದ್ದಾನೆ. ಗುರಾಣಿ ಹಿಡಿದವನ ಹೆಸರು ಎಲ್ಲಿ ಸಿಗುತ್ತೆ? ಸಿಗೋದು ಸಮಾಧಿಕಲ್ಲಿನಲ್ಲಿ. ಜರ್ಮನಿಯ ಬಾನ್ ನಗರದ ಮ್ಯೂಸಿಯಮ್ಮಿನಲ್ಲಿ ಮಾರ್ಕಸ್ ಕೇಲಿಯಸ್ ಅನ್ನೋ ಸೆಂಚುರಿಯನ್‌ನ ಕಲ್ಲಿದೆ. ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಿನಲ್ಲಿ ವಾರಸ್ ಅನ್ನೋ ಸೇನಾಪತಿ ಮೂರು ಲೀಜನ್‌ಗಳನ್ನು ಪೂರ್ತಿ ಕಳೆದುಕೊಂಡ. ಕೇಲಿಯಸ್ ಅದರಲ್ಲಿ ಸತ್ತವನು. 18ನೇ ಲೀಜನ್, ವಯಸ್ಸು ಐವತ್ತಮೂರೂವರೆ. ಹೆಣ ಸಿಗಲಿಲ್ಲ. ತಮ್ಮನೋ ಅಣ್ಣನೋ, ಒಡಹುಟ್ಟಿದ ಪೂಬ್ಲಿಯಸ್ ಕಲ್ಲು ನಿಲ್ಲಿಸಿದ. ಮುಂದೆ ಎಂದಾದರೂ ಮೂಳೆ ಸಿಕ್ಕರೆ ಇಲ್ಲಿ ಇಡಬಹುದು ಅನ್ನೋ ಅರ್ಥದ ಮಾತನ್ನೂ ಕೆತ್ತಿಸಿದ. ಕಲ್ಲಿನಲ್ಲಿ ಕೇಲಿಯಸ್ ಎದೆ ತುಂಬ ಪದಕ ಹಾಕಿಕೊಂಡು, ಕೈಯಲ್ಲಿ ಅಧಿಕಾರದ ಕೋಲು ಹಿಡಿದು ನಿಂತಿದ್ದಾನೆ. ಸೆಂಚುರಿಯನ್ ಗೊಂಬೆಯ ಪದಕಗಳನ್ನು ಹೇಗೆ ಬಿಡಿಸಬೇಕು ಅಂತ ತಿಳಿಯೋಕೆ ಎಲ್ಲರೂ ನೋಡೋದು ಇಂಥ ಕಲ್ಲುಗಳನ್ನೇ.

ಇದನ್ನು ದೊಡ್ಡಪ್ಪನಿಗೆ ಹೇಳಿದೆ. ಅವರು ಥಟ್ಟಂತ ಅಂದಿದ್ದು, "ವೀರಗಲ್ಲು ಅನ್ನು ಮತ್ತೆ."

ಹೌದಲ್ಲ! ಅದೇ ಕೆಲಸ, ಅದೇ ಕಲ್ಲು. ನಮ್ಮ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಅವನು ಸತ್ತ ಜಗಳ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯೋದು, ಮೇಲೆ ಶಿವಲಿಂಗದ ಮುಂದೆ ಅವನು. ಕೆಳಗಿನ ಅಂತಸ್ತು ಒಂದು ಪುಟ್ಟ ರಣರಂಗ. ಬೇಗೂರಿನ ಕಲ್ಲು ಇದರಲ್ಲಿ ದೊಡ್ಡಣ್ಣ. ಒಂಬತ್ತನೇ ಶತಮಾನದ ಕೊನೆಗೆ ತುಂಬೆಪಾಡಿಯಲ್ಲಿ ಗಂಗರ ಕಡೆಯ ನಾಗತ್ತರ ನೊಳಂಬರ ವಿರುದ್ಧ ಕಾದಾಡಿ ಸತ್ತಿದ್ದಕ್ಕೆ ನಿಲ್ಲಿಸಿದ್ದು. ಆನೆ, ಕುದುರೆ, ಕಾಲಾಳು ಎಲ್ಲ ಒತ್ತೊತ್ತಾಗಿ ಇದ್ದಾರೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿ ಇದೆ, ಹೋಗಿ ನೋಡಿ.

ಆದರೆ ಹೆಚ್ಚಿನ ವೀರಗಲ್ಲುಗಳು ದೊಡ್ಡ ಯುದ್ಧದವಲ್ಲ. ಶಾಸನಗಳು ಅದಕ್ಕೆ ಬೇರೆ ಬೇರೆ ಪದ ಇಟ್ಟುಕೊಂಡಿವೆ. ತುರುಗೊಳ್ ಅಂದರೆ ದನ ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿದ್ದು, ಊರಳಿವು ಅಂದರೆ ಊರು ಲೂಟಿ ಮಾಡಲು ಬಂದಾಗ ಹೊಡೆದಾಡಿದ್ದು, ಪೆಣ್ಬುಯ್ಯಲ್ ಅಂದರೆ ಹೆಣ್ಣುಮಕ್ಕಳ ಕೂಗು ಕೇಳಿ ಓಡಿಬಂದದ್ದು. ರೋಮನ್ ಕಲ್ಲುಗಳಲ್ಲಿ ಲೀಜನ್ ನಂಬರ್, ಎಷ್ಟು ವರ್ಷ ಸೇವೆ, ಎಲ್ಲ ಬರೆದಿರುತ್ತೆ, ಸಂಬಳದ ಸೈನಿಕನ ಕಲ್ಲು. ನಮ್ಮದರಲ್ಲಿ ದನ ಬಿಡಿಸೋಕೆ ಹೋದ ಊರಿನವನೂ ಇದ್ದಾನೆ. ಟೇಬಲ್ ಆಟದ ಯಾವ ಪಟ್ಟಿಯಲ್ಲೂ ಅವನಿಗೆ ಜಾಗ ಇಲ್ಲ.

ಆವತ್ತಿಂದ ನನಗೊಂದು ಹುಚ್ಚು ಹಿಡಿದಿದೆ. ಒಂದು ಹೊಯ್ಸಳ ಸೈನ್ಯ ಮಾಡಬೇಕು. ಹೊಯ್ಸಳರು ನಮ್ಮ ಗುಡ್ಡದ ಸೀಮೆಯವರೇ, ಅವರ ಸೊಸೆವೂರು ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಪೆಟ್ಟಿಗೆಯಲ್ಲಿ ನನಗೆ ಸಿಕ್ಕ ಭಾರತದ ಸೈನಿಕರೆಲ್ಲ ಅಲೆಕ್ಸಾಂಡರನ ಎದುರು ನಿಂತ ಪೋರಸನ ಕಾಲದವರು, ಹೊಯ್ಸಳರಿಗೂ ಅವರಿಗೂ ಸಾವಿರದ ನಾನೂರು ವರ್ಷ ದೂರ. ಆದರೆ ಗೊಂಬೆ ಬೇಕಾದರೆ ನಾವೇ ಕೆತ್ತಿಕೊಳ್ಳಬಹುದು, ಆಧಾರ ಇದೆ. ಬೇಲೂರು ದಾಟಿ ಹಳೇಬೀಡಿಗೆ ಹೋದರೆ ಹೊಯ್ಸಳೇಶ್ವರ ದೇವಸ್ಥಾನದ ತಳದಲ್ಲಿ ಸಾಲು ಆನೆ, ಅದರ ಮೇಲೆ ಸಿಂಹ, ಬಳ್ಳಿ, ಆಮೇಲೆ ಸಾಲು ಕುದುರೆ ಸವಾರರು. ಎಲ್ಲರೂ ಮೇಲಿನ ದೊಡ್ಡ ವಿಗ್ರಹಗಳನ್ನು ನೋಡ್ತಾ ಹೋಗ್ತಾರೆ, ನಾನು ಮಂಡಿಯೂರಿ ಕುದುರೆಯ ಜೀನು, ಸವಾರನ ಕತ್ತಿ, ಕಾಲಿನ ರಿಕಾಪು ನೋಡ್ತಾ ಕೂರ್ತೀನಿ. ಅಭಿಮನ್ಯು ಸಿಕ್ಕಿಬಿದ್ದ ಚಕ್ರವ್ಯೂಹವನ್ನೂ ಅಲ್ಲಿ ಸುರುಳಿಯಾಗಿ ಕೆತ್ತಿದ್ದಾರೆ. ಶಿಲ್ಪಿಗೆ ಮಹಾಭಾರತದ ಕಾಲದ ವೇಷ ಗೊತ್ತಿರಲಿಲ್ಲ, ತಾನು ಕಂಡ ಹೊಯ್ಸಳ ಸೈನಿಕರನ್ನೇ ಕೆತ್ತಿರಬೇಕು ಅನ್ನೋದು ನನ್ನ ಊಹೆ.

ದೇವಸ್ಥಾನದ ದಕ್ಷಿಣಕ್ಕೆ ಒಂದು ಕಂಬ ಇದೆ, ನೋಡಿದ್ದೀರಾ? ಕುವರ ಲಕ್ಷ್ಮನ ಕಂಬ. ವೀರಬಲ್ಲಾಳನಿಗಾಗಿ ಪ್ರಾಣ ಕೊಡುವ ಪ್ರತಿಜ್ಞೆ ಮಾಡಿದ್ದ ಗರುಡ ಅವನು. ಹೆಂಡತಿ ಮತ್ತು ಜೊತೆಯ ಗರುಡರ ಸಮೇತ ಜೀವ ಕೊಟ್ಟ. ಕಂಬದ ಸುತ್ತ ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವ ಪುಟ್ಟ ಪುಟ್ಟ ಮನುಷ್ಯರಿದ್ದಾರೆ. ಗೊಂಬೆ ಅಳತೆಯ ಸೈನಿಕರನ್ನು ವರ್ಷಗಟ್ಟಲೆ ಕೈಯಲ್ಲಿ ಹಿಡಿದವನಿಗೆ ಅವರನ್ನು ನೋಡಿ ಆಟ ಅನ್ನೋ ಮಾತೇ ಬಾಯಿಗೆ ಬರಲಿಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿ ಸೇರಿದವು, ಆ ಕಂಬಕ್ಕೆ ಇನ್ನು ಕಾವಲು ಇದೆ.

ಊರೊಳಗಿನ ವೀರಗಲ್ಲಿಗೆ ಯಾರ ಕಾವಲು? ಬಿ.ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟವಾಗಿ ಅಚ್ಚು ಹಾಕಿಸಿದರು. ಆಗ ನಮ್ಮ ತಾಲ್ಲೂಕಿಗೆ ಮಂಜರಾಬಾದ್ ಅಂತ ಹೆಸರು. ಅವರ ಕೆಲಸ ಅಕ್ಷರ ಇರುವ ಕಲ್ಲಿನದ್ದು. ಅಕ್ಷರ ಇಲ್ಲದ ವೀರಗಲ್ಲುಗಳು ಎಷ್ಟೋ. ಕೆರೆ ಏರಿಯ ಮೇಲೆ, ತೋಟದ ಬೇಲಿಯಲ್ಲಿ, ಬಟ್ಟೆ ಒಗೆಯೋ ಜಾಗದಲ್ಲಿ, ಮೋರಿಗೆ ಹಾಸಿ, ಮೆಟ್ಟಿಲಿಗೆ ಇಟ್ಟು.. ನೀವೂ ನೋಡಿರ್ತೀರಿ. ನಮ್ಮ ಕಡೆಯ ಮಳೆಯಲ್ಲಿ ಪಾಚಿ ಹಿಡಿದು ಮುಖ ಸವೆದು ಹೋಗಿರುತ್ತೆ. ಒಂದು ತಲೆಮಾರು ಕಳೆದರೆ ಅವನ ಕೈಯಲ್ಲಿ ಇದ್ದದ್ದು ಬಿಲ್ಲೋ ಕತ್ತಿಯೋ ಹೇಳೋಕಾಗಲ್ಲ.

ಮಾಡೋದೇನು ಅಂದರೆ, ದಾರಿ ಇದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸುತ್ತಿನ ಶಾಸನ ಕಲ್ಲುಗಳನ್ನು ತ್ರೀಡಿ ಸ್ಕ್ಯಾನ್ ಮಾಡುವ ಕೆಲಸ ಹಿಡಿದರು. ಸವೆದ ಅಕ್ಷರವೂ ಅದರಲ್ಲಿ ಎದ್ದು ಕಾಣುತ್ತೆ. ನಮ್ಮಂಥವರಿಗೆ ಅಂಥ ಯಂತ್ರ ಇಲ್ಲ, ಆದರೆ ಫೋನ್ ಇದೆ. ಒಂದು ಕಲ್ಲಿನ ಸುತ್ತ ಓಡಾಡಿ ಎಲ್ಲ ಕೋನದಿಂದ ನಲವತ್ತು ಐವತ್ತು ಫೋಟೋ ತೆಗೆದರೆ ಅದರಿಂದಲೇ ಕಂಪ್ಯೂಟರಿನಲ್ಲಿ ಮೂರು ಆಯಾಮದ ರೂಪ ಮಾಡಬಹುದು. ಸಂಜೆಯ ಓರೆ ಬಿಸಿಲಿದ್ದರೆ ಕಣ್ಣಿಗೂ ವಿವರ ಚೆನ್ನಾಗಿ ಕಾಣುತ್ತೆ. ಮೇಲೆ ಸುಣ್ಣ, ಸೀಮೆಸುಣ್ಣ, ಎಣ್ಣೆ ಏನೂ ಹಚ್ಚಬೇಡಿ. ಬ್ರಷ್ಷು, ಉಳಿಯಿಂದ ಕೆರೆಯಬೇಡಿ. ಕಲ್ಲನ್ನು ಇದ್ದ ಜಾಗದಿಂದ ಕದಲಿಸಬೇಡಿ, ಎಲ್ಲಿ ಸತ್ತ ಅನ್ನೋದಕ್ಕೆ ಆ ಜಾಗವೇ ಸಾಕ್ಷಿ ಆಗಿರಬಹುದು. ಊರಿನ ಹಿರಿಯರು ಆ ಕಲ್ಲನ್ನು ಏನಂತ ಕರೀತಾರೆ, ಯಾವ ಹಬ್ಬದಲ್ಲಿ ಪೂಜೆ ಮಾಡ್ತಾರೆ ಅದನ್ನೂ ಬರೆದಿಟ್ಟುಕೊಳ್ಳಿ.

ನಾನು ನಮ್ಮ ಸುತ್ತಲಿನ ಕಲ್ಲುಗಳಿಂದ ಶುರು ಮಾಡಿದ್ದೀನಿ. ಇಲ್ಲಿಯವರೆಗೆ ಏಳು ಆಗಿದೆ. ಐದರಲ್ಲಿ ಅಕ್ಷರ ಇಲ್ಲ, ಎರಡರಲ್ಲಿ ಇದೆ, ಓದಿಸಬೇಕು. ನಿಮ್ಮೂರಿನಲ್ಲಿ, ನಿಮ್ಮ ಅಜ್ಜಿ ಮನೆ ಊರಿನಲ್ಲಿ ಇಂಥ ಕಲ್ಲು ಇದ್ದರೆ ಒಂದು ಮಾತು ತಿಳಿಸಿ. ಹಳೆಗನ್ನಡ ಲಿಪಿ ಓದಬಲ್ಲವರು ಯಾರಾದರೂ ಇದ್ದರೆ ಇನ್ನೂ ಸಂತೋಷ. ಮಳೆ ಹಿಡಿಯೋದರ ಒಳಗೆ ಆದಷ್ಟು ನೋಡಿ ಮುಗಿಸೋಣ, ಏನಂತೀರಾ?